ನೀವು ಯಾವ ತೋಟದ ರೈಟರು? ಸ್ಟೆಟ್ಸನ್ ಕೆನಡಿ ಬಗ್ಗೆ ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕೊಡಗಿನಲ್ಲಿ ನಾವು ನಾಲ್ಕೈದು ಜನ ಬಿಡುವಾದಾಗ ಹಳೆಯ ಹಾಡು, ಕಥೆ, ಒಗಟು ರೆಕಾರ್ಡ್ ಮಾಡಿಕೊಳ್ಳುತ್ತಾ ಓಡಾಡುತ್ತೇವೆ. ಹೋದಲ್ಲೆಲ್ಲ ನಾನು ಸ್ಟೆಟ್ಸನ್ ಕೆನಡಿ ಎಂಬ ಅಮೆರಿಕದ ಜಾನಪದ ಸಂಗ್ರಾಹಕರ ಹೆಸರು ಎತ್ತುತ್ತೇನೆ. ಆಗ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಂದೊಂದು ಸಲ ಒಂದೊಂದು ಥರ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಯಾರಿದು ಕೆನಡಿ? ಗುಂಡೇಟಿಗೆ ಸತ್ತ ಅಧ್ಯಕ್ಷರ ಕಡೆಯವರಾ?

ಸಂಬಂಧವೇ ಇಲ್ಲ. ಇವರು ವಿಲಿಯಂ ಸ್ಟೆಟ್ಸನ್ ಕೆನಡಿ. ಅಮೆರಿಕದ ದಕ್ಷಿಣದ ತುದಿಯಲ್ಲಿರುವ ಫ್ಲಾರಿಡಾ ರಾಜ್ಯದವರು. ಹುಟ್ಟಿದ್ದು ಜಾಕ್ಸನ್‌ವಿಲ್ ಪಟ್ಟಣದಲ್ಲಿ, 1916ರ ಅಕ್ಟೋಬರ್ 5ರಂದು. ತೀರಿಕೊಂಡಿದ್ದು 2011ರ ಆಗಸ್ಟ್ 27ರಂದು, 94ನೇ ವಯಸ್ಸಿನಲ್ಲಿ. ಬಿಳಿಯರ ಮನೆಯ ಹುಡುಗ. ಕಪ್ಪು ಜನರ ಹಾಡು, ಕಥೆ ಬರೆದುಕೊಳ್ಳಲು ಹೋಗಿ, ಕೊನೆಗೆ ಅವರ ಹಕ್ಕಿನ ಪರ ನಿಂತು ಊರವರಿಗೆಲ್ಲ ಬೇಡವಾದ ಮನುಷ್ಯ.

ಜಾನಪದದ ಹುಚ್ಚು ಹೇಗೆ ಹತ್ತಿತು?

ಕಂತು ವಸೂಲಿಯಿಂದ! ಅಪ್ಪನದು ಪೀಠೋಪಕರಣದ ಅಂಗಡಿ. ಮಂಚ, ಮೇಜು ತೆಗೆದುಕೊಂಡ ಬಡವರು ವಾರಕ್ಕೆ ಒಂದು ಡಾಲರ್ ಕಟ್ಟಬೇಕಿತ್ತು. ಅದನ್ನು ಮನೆಮನೆಗೆ ಹೋಗಿ ತರುವ ಕೆಲಸ ಮಗನದು. ಹೋದ ಮನೆಗಳಲ್ಲಿ ದುಡ್ಡು ಸಿಗುತ್ತಿತ್ತೋ ಇಲ್ಲವೋ, ಮಾತು ಮಾತ್ರ ಧಾರಾಳವಾಗಿ ಸಿಗುತ್ತಿತ್ತು. ಆ ಜನ ಆಡುವ ಗಾದೆ, ಚುಚ್ಚುಮಾತುಗಳನ್ನು ಹುಡುಗ ಬರೆದಿಟ್ಟುಕೊಳ್ಳಲು ಶುರುಮಾಡಿದ. ನಮ್ಮ ಕಡೆ ಬಟವಾಡೆ ಮರುದಿನ ಲೈನ್ ಮನೆಗಳ, ಅಂದರೆ ತೋಟದ ಆಳುಗಳ ಸಾಲುಮನೆಗಳ, ಹತ್ತಿರ ಪಾತ್ರೆ, ಹೊದಿಕೆ ಕಂತಿನವರು ಬಂದು ನಿಲ್ಲುತ್ತಾರಲ್ಲ, ಅವರಲ್ಲಿ ಒಬ್ಬ ಪುಸ್ತಕದ ಹಿಂದಿನ ಪುಟದಲ್ಲಿ ಇಲ್ಲಿನ ಆದಿವಾಸಿ ಯರವರ ಒಗಟು ಬರೆದುಕೊಂಡ ಅಂದುಕೊಳ್ಳಿ. ಹಾಗೆ.

ಇನ್ನೊಂದು ಕಾರಣವೂ ಇದೆ. ಅವರ ಮನೆಯಲ್ಲಿ ಕೆಲಸಕ್ಕಿದ್ದ ಕಪ್ಪು ಹೆಂಗಸನ್ನು ಬಿಳಿಯರ ಕು ಕ್ಲಕ್ಸ್ ಕ್ಲಾನ್ ಗುಂಪಿನವರು ಎಳೆದೊಯ್ದು ಹೊಡೆದು, ಅತ್ಯಾಚಾರ ಮಾಡಿದ್ದರು. ತನ್ನನ್ನು ಎತ್ತಿ ಆಡಿಸಿದವಳಿಗೆ ಹೀಗಾಯಿತಲ್ಲ ಎನ್ನುವುದು ಹುಡುಗನ ತಲೆಯಲ್ಲಿ ಕೂತುಬಿಟ್ಟಿತು.

ಹಾಡು ಬರೆದುಕೊಳ್ಳಲು ಸಂಬಳ ಯಾರು ಕೊಟ್ಟರು?

ಸರ್ಕಾರ. 1930ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಕುಸಿತ, ಎಲ್ಲೆಲ್ಲೂ ನಿರುದ್ಯೋಗ. ರೂಸ್‌ವೆಲ್ಟ್ ಸರ್ಕಾರ ರಸ್ತೆ, ಸೇತುವೆ ಕೆಲಸದ ಜತೆ 1935ರಲ್ಲಿ ಬರಹಗಾರರಿಗೂ ಒಂದು ಯೋಜನೆ ಮಾಡಿತು. ಕಾಲೇಜು ಬಿಟ್ಟಿದ್ದ ಕೆನಡಿ 1937ರಲ್ಲಿ, ಬರೀ 21ನೇ ವಯಸ್ಸಿನಲ್ಲಿ, ಫ್ಲಾರಿಡಾ ಶಾಖೆಗೆ ಸೇರಿದರು. ಜಾನಪದದ ಹೊಣೆ ಅವರಿಗೇ ಬಂತು. ಅಸಿಟೇಟ್ ತಟ್ಟೆಯ ಮೇಲೆ ಸೂಜಿಯಿಂದ ದನಿ ಕೊರೆಯುವ ಯಂತ್ರವನ್ನು ಕಾರಿನಲ್ಲಿ ಹೇರಿಕೊಂಡು ಊರೂರು ಸುತ್ತಿದರು. ಆ ರೆಕಾರ್ಡಿಂಗ್‌ಗಳು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿವೆ. ದುಡ್ಡು ಕೊಡಬೇಕಿಲ್ಲ, ಸುಮ್ನೆ ಕೇಳಬಹುದು.

ಜತೆಗೆ ಒಬ್ಬ ಹೆಂಗಸು ಇದ್ದರಂತೆ?

ಇದ್ದರು. ಜೋರಾ ನೀಲ್ ಹರ್ಸ್ಟನ್. ಕಪ್ಪು ಜನಾಂಗದ ಲೇಖಕಿ, ಮಾನವಶಾಸ್ತ್ರ ಓದಿದವರು. ಕೆನಡಿಗಿಂತ ತುಂಬಾ ದೊಡ್ಡವರು, ಆಗಲೇ ಹೆಸರು ಮಾಡಿದ್ದವರು. ಆದರೆ ಕಾಗದದ ಮೇಲೆ 22ರ ಹುಡುಗನೇ ಮೇಲಧಿಕಾರಿ! ಕಪ್ಪು ಹೆಂಗಸು, ಬಿಳಿ ಗಂಡಸು ಒಂದೇ ಕಾರಿನಲ್ಲಿ ಓಡಾಡುವ ಹಾಗಿರಲಿಲ್ಲ. ಹಾಗಾಗಿ ಹರ್ಸ್ಟನ್ ಮುಂಚೆ ಒಬ್ಬರೇ ಹೋಗಿ ಹಾಡುಗಾರರನ್ನು ಹುಡುಕಿಡಬೇಕಿತ್ತು. ಆಮೇಲೆ ಯಂತ್ರದ ಕಾರು.

ಹಾಡು ಹೇಗೆ ಕಲಿಯುತ್ತೀರಿ ಎಂದು ಹರ್ಸ್ಟನ್‌ರನ್ನು 1939ರಲ್ಲಿ ರೆಕಾರ್ಡಿಂಗ್ ನಡುವೆಯೇ ಕೇಳಿದ್ದಾರೆ. ಅವರು ಕೊಟ್ಟ ಉತ್ತರವನ್ನು ನಾನು ನಮ್ಮ ಹುಡುಗರಿಗೆ ಆಗಾಗ ಹೇಳುತ್ತೇನೆ. ಮೊದಲು ಗುಂಪಿನಲ್ಲಿ ಸೇರಿಕೊಂಡು ಕೇಳುತ್ತಾರಂತೆ. ಆಮೇಲೆ ಒಂದೆರಡು ಪದಕ್ಕೆ ದನಿ ಕೂಡಿಸುತ್ತಾರೆ. ಆಮೇಲೆ ಒಂದು ನುಡಿ. ಇಡೀ ಹಾಡು ಬಂದ ಮೇಲೆ ಅದೇ ಜನರ ಮುಂದೆ ಹಾಡುತ್ತಾರೆ. ಅವರು ಸರಿ ಅನ್ನುವ ತನಕ ಬಿಡುವುದಿಲ್ಲ. ನಾವು ಮೊಬೈಲ್ ಚಾಚಿ, ಒಂದೇ ಸಲ ಹಾಡಿಸಿ, ಚಹಾ ಕುಡಿದು ಗಾಡಿ ಹತ್ತುತ್ತೇವೆ.

ಟರ್ಪೆಂಟೈನ್ ಕ್ಯಾಂಪಿನ ಕಥೆ ಏನು?

ನಾನು ಕೆನಡಿಯನ್ನು ಹಿಡಿದುಕೊಂಡಿದ್ದೇ ಈ ಕಥೆಗಾಗಿ.

ಫ್ಲಾರಿಡಾದಲ್ಲಿ ಪೈನ್ ಮರದ ಕಾಡು ಜಾಸ್ತಿ. ರಬ್ಬರ್ ಮರದ ಹಾಗೆ ಅದರ ತೊಗಟೆ ಕೆತ್ತಿ, ಕೆಳಗೆ ಬಟ್ಟಲು ಕಟ್ಟಿ ಅಂಟು ಇಳಿಸುತ್ತಿದ್ದರು. ಕಾಯಿಸಿ ಬಟ್ಟಿ ಇಳಿಸಿದರೆ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಎಣ್ಣೆ. ಕೆಲಸಗಾರರಲ್ಲಿ ಹೆಚ್ಚಿನವರು ಕಪ್ಪು ಜನ. ಕಾಡಿನೊಳಗೇ ಮಾಲೀಕರ ಗುಡಿಸಲು, ಮಾಲೀಕರ ಅಂಗಡಿ. ಅಂಗಡಿಯಲ್ಲಿ ಸಾಲ, ಸಾಲ ತೀರುವ ತನಕ ಬಿಡುಗಡೆ ಇಲ್ಲ, ಸಾಲ ತೀರುವುದೂ ಇಲ್ಲ. ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟರೆ ಅಪರಾಧ ಎನ್ನುವ ಕಾನೂನೇ ಆ ರಾಜ್ಯದಲ್ಲಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿದ್ದು 1944ರಲ್ಲಿ.

1939ರಲ್ಲಿ ಕೆನಡಿ ಕ್ರಾಸ್ ಸಿಟಿ ಎಂಬಲ್ಲಿನ ಅಂಥ ಒಂದು ಕ್ಯಾಂಪಿಗೆ ಹೋದರು. ರಾತ್ರಿ ಬೆಂಕಿ ಹಾಕಿಕೊಂಡು ಕೂತು ಹಾಡು ಕೊರೆಸುತ್ತಿದ್ದರು. ನಡುವೆ ಮಾತಿಗೆ ಮಾತು ಬಂತು. ಇಲ್ಲಿಂದ ಯಾಕೆ ಬಿಟ್ಟು ಹೋಗುವುದಿಲ್ಲ ಎಂದು ಕೇಳಿದರೆ, ಇಲ್ಲಿಂದ ಹೊರಗೆ ಹೋಗಬೇಕಾದರೆ ಸತ್ತೇ ಹೋಗಬೇಕು ಎನ್ನುವ ಅರ್ಥದ ಉತ್ತರ. ಹೊಡೆತ, ಸಾವು, ಒಂದೊಂದೇ ಹೊರಗೆ ಬಂತು. ಕೆಲಸಗಾರರೇ ಕತ್ತಲಲ್ಲಿ ತಮ್ಮವರ ಕಾವಲು ನಿಲ್ಲಿಸಿದ್ದರು. ಆ ಕಾವಲಿನವನು ಓಡಿ ಬಂದು, ಯಜಮಾನರು ಬರ್ತಿದ್ದಾರೆ, ಬೇಗ ಏನಾದರೂ ಹಾಡಿ ಅಂದ. ಹಾಡು ಶುರುವಾಯಿತು.

ಇದನ್ನು ಓದುವ ಮುಂಚೆ ನನಗೂ ಒಂದು ಅನುಭವ ಆಗಿತ್ತು. ಅದರಲ್ಲಿ ಏನೂ ವಿಶೇಷ ಇದೆ ಅಂತ ಆಗ ಅನ್ನಿಸಿರಲಿಲ್ಲ. ಒಂದು ತೋಟದ ಲೈನ್ ಮನೆ ಮುಂದೆ ಯರವರ ಅಜ್ಜಿಯೊಬ್ಬರ ಹತ್ತಿರ ಕೂತಿದ್ದೆ. ಹೆಸರು, ಊರು ಬೇಡ. ನಾಟಿ ಹಾಡು ಹೇಳುತ್ತಾ ಹೇಳುತ್ತಾ ಸೊಸೆಯ ಮುಂಗಡದ ಮಾತು ಬಂತು. ಅಷ್ಟರಲ್ಲಿ ಕಣದ ಕಡೆಯಿಂದ ಬೈಕಿನ ಸದ್ದು. ಅಜ್ಜಿ ಮಾತನ್ನು ಅಲ್ಲಿಗೇ ಬಿಟ್ಟು ಹಾಡು ಎತ್ತಿಕೊಂಡರು, ಅದೂ ಜೋರಾಗಿ. ರೈಟರ್ ನಮ್ಮನ್ನು ನೋಡಿ ನಕ್ಕು ಹೋದರು. ನಾನು ಖುಷಿಯಿಂದ ರೆಕಾರ್ಡ್ ಮಾಡಿಕೊಂಡೆ. ಎಷ್ಟು ಚೆನ್ನಾಗಿ ಹಾಡಿದರು ಅಂತ ಮನೆಗೆ ಬಂದು ಎಲ್ಲರಿಗೂ ಕೇಳಿಸಿದೆ ಕೂಡ.

ರೈಟರ್ ಅಂದರೆ?

ಕೊಡಗಿನ ಹೊರಗಿನವರು ಕೇಳುವ ಪ್ರಶ್ನೆ ಇದು. ಕಾಫಿ ತೋಟದಲ್ಲಿ ಹಾಜರಿ, ಕೆಲಸ, ಮುಂಗಡದ ಲೆಕ್ಕ ಬರೆಯುವವರೇ ರೈಟರ್. ನಾನು ಮೊದಲ ಸಲ ಪುಸ್ತಕ, ಪೆನ್ನು ಹಿಡಿದು ಹೋದಾಗ ಅದೇ ಅಜ್ಜಿ ಕೇಳಿದ್ದು, "ನೀವು ಯಾವ ತೋಟದ ರೈಟರು?" ನಾನು ಆ ಥರ ಬರೆಯುವವನಲ್ಲ ಅಜ್ಜಿ, ಹಾಡು ಬರೆದುಕೊಳ್ಳಲು ಬಂದವನು ಅಂದೆ. ಬರೆದು ಯಾರಿಗೆ ಕೊಡ್ತೀರಿ ಅಂದರು. ಅದಕ್ಕೆ ನನ್ನ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ.

ಹಾಗಾದರೆ ನಮ್ಮ ತೋಟಗಳೂ ಆ ಕ್ಯಾಂಪಿನ ಹಾಗೆ ಅಂತೀರಾ?

ಈ ಪ್ರಶ್ನೆ ಸ್ವಲ್ಪ ಸಿಟ್ಟಿನಿಂದಲೇ ಬರುತ್ತದೆ. ಕೇಳುವವರಲ್ಲಿ ಎರಡು ಮೂರು ಎಕರೆ ಕಾಫಿ, ಮೆಣಸು ಇಟ್ಟುಕೊಂಡು ತಾವೇ ಗಿಡ ಕಸಿ ಮಾಡುವವರೂ ಇರುತ್ತಾರೆ. ಆಳು ಸಿಗದೆ ಒದ್ದಾಡುವ ಅವರನ್ನು ಫ್ಲಾರಿಡಾದ ಯಜಮಾನರ ಪಕ್ಕ ನಿಲ್ಲಿಸುವುದು ಸರಿಯಲ್ಲ. ನಾನು ನಿಲ್ಲಿಸುವುದೂ ಇಲ್ಲ.

ಆದರೆ ಇಲ್ಲಿ ಜೀತ ಇರಲಿಲ್ಲ ಅಂತ ಮಾತ್ರ ಹೇಳಬೇಡಿ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶ ಮಾಡಿಕೊಂಡಾಗ ಯರವರು, ಹೊಲೆಯರು ಭೂಮಿಯ ಜತೆ ಎಣಿಸುವ ಆಳುಗಳಾಗಿದ್ದರು. ಒಬ್ಬ ಮನುಷ್ಯನ ಮೇಲೆ ಇನ್ನೊಬ್ಬನಿಗೆ ಒಡೆತನ ಇದೆ ಎನ್ನುವುದಕ್ಕೆ ಕಾನೂನಿನ ಮಾನ್ಯತೆ ಹೋಗಿದ್ದು 1843ರ 5ನೇ ಕಾಯ್ದೆಯಿಂದ. ಹೋದದ್ದು ಕಾಗದದ ಮೇಲೆ. ಪಕ್ಕದ ವಯನಾಡಿನ ವಳ್ಳಿಯೂರ್‌ಕಾವ್ ಉತ್ಸವದಲ್ಲಿ ಜಮೀನುದಾರರು ಆಳುಗಳನ್ನು ವರ್ಷದ ಲೆಕ್ಕದಲ್ಲಿ ಗೊತ್ತು ಮಾಡಿಕೊಳ್ಳುವುದು ಆಮೇಲೂ ನಡೆಯುತ್ತಿತ್ತು. ಯರವರ ನೆಂಟರಿಷ್ಟರೆಲ್ಲ ಗಡಿಯ ಆಚೆಯೂ ಇದ್ದಾರಲ್ಲ, ಅಜ್ಜಿಯರ ನೆನಪಿನಲ್ಲಿ ಆ ಉತ್ಸವ ಈಗಲೂ ಬರುತ್ತದೆ.

ಈಗಿನ ಕಾನೂನು ಏನು ಹೇಳುತ್ತದೆ? ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಜೀತದ ಸಾಲ ತಾನಾಗೇ ಮುಗಿಯಿತು, ವಸೂಲಿ ಮಾಡುವ ಹಾಗಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ಕಾಮಗಾರಿಯ ಮೊಕದ್ದಮೆಯಲ್ಲಿ ಹೇಳಿತು. ಚಾವಟಿ ಬೇಕಿಲ್ಲ. ಇಲ್ಲಿ ಬಿಟ್ಟರೆ ಮಲಗಲು ಜಾಗ ಇಲ್ಲ ಎನ್ನುವುದೇ ಸಾಕು. ಲೈನ್ ಮನೆ ಬಿಟ್ಟು ಹೊರಗೆ ಬಂದವರಲ್ಲಿ ಎಷ್ಟೋ ಜನ ದಕ್ಷಿಣ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದರು. 2016ರ ಡಿಸೆಂಬರ್‌ನಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಿದರು. ತಿಂಗಳುಗಟ್ಟಲೆ ಹೋರಾಟ ಆದ ಮೇಲೆ ಕುಶಾಲನಗರ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು.

ನಮ್ಮಲ್ಲಿ ಹಾಡು ಕೂಡಿಸಿದವರು ಯಾರೂ ಇಲ್ವಾ? ಅಮೆರಿಕಕ್ಕೇ ಹೋಗಬೇಕಾ?

ಇದ್ದಾರೆ, ಅದೂ ಕೆನಡಿಗಿಂತ ಮುಂಚೆ. ಕರಡ ಗ್ರಾಮದ ನಡಿಕೇರಿಯಂಡ ಚಿಣ್ಣಪ್ಪ (1875–1931). ಪೊಲೀಸ್ ಇಲಾಖೆಯಲ್ಲಿ ಕೆಲಸ. ಡ್ಯೂಟಿ ಮೇಲೆ ಊರೂರು ಸುತ್ತುವಾಗ ದುಡಿ ಎಂಬ ಪುಟ್ಟ ವಾದ್ಯ ಹಿಡಿದು ಹಾಡುವ ಹಿರಿಯರ ಪಾಟ್ (ಹಾಡು), ಗಾದೆ, ಪದ್ಧತಿ ಎಲ್ಲವನ್ನೂ ಬರೆದುಕೊಂಡರು. ಕೊಡವರ ಮಾತಾದ ಕೊಡವ ತಕ್ಕ್‌ಗೆ ಆಗ ಬರೆಯುವ ರೂಢಿ ಕಡಿಮೆ. ಕನ್ನಡ ಲಿಪಿಯಲ್ಲೇ ಬರೆದು 1924ರಲ್ಲಿ 'ಪಟ್ಟೋಲೆ ಪಳಮೆ' ಹೊರತಂದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿ ಅದನ್ನು 2003ರಲ್ಲಿ ಇಂಗ್ಲಿಷಿಗೆ ತಂದರು. ಇವತ್ತು ಸುಗ್ಗಿ ಹಬ್ಬ ಪುತ್ತರಿಗೆ ಊರಿನ ಬಯಲಾದ ಮಂದ್‌ನಲ್ಲಿ 'ಬಾಳೋ ಬಾಳೋ' ಹಾಡುವ ಹುಡುಗರಲ್ಲಿ ಎಷ್ಟು ಜನ ಆ ಪುಸ್ತಕ ತೆರೆದು ಕಲಿತವರಿದ್ದಾರೆ, ನೋಡಿ.

ಚಿಣ್ಣಪ್ಪ ಮನೆಯವರೇ ಆಗಿ ಮನೆಯ ಹಾಡು ಬರೆದರು. ಕೆನಡಿ ಯಜಮಾನರ ಜಾತಿಯವರಾಗಿ ಆಳುಗಳ ಹಾಡು ಬರೆದರು. ಎರಡೂ ಬೇರೆ ಕೆಲಸ. ನಾವು ಲೈನ್ ಮನೆ ಮುಂದೆ ಕೂತಾಗ ಮಾಡುತ್ತಿರುವುದು ಎರಡನೆಯದು. ಪುತ್ತರಿ, ಮದುವೆ, ಯಾವುದಕ್ಕಾದರೂ ವಾಲಗ ಊದುವವರು, ಪರೆ ಎಂಬ ಚರ್ಮವಾದ್ಯ ಬಡಿಯುವವರು ಬೇಕೇ ಬೇಕು. ಅವರ ಊಟ ಯಾವ ಪಂಕ್ತಿಯಲ್ಲಿ ಎಂದು ಮಾತ್ರ ನಮ್ಮ ನೋಟ್‌ಬುಕ್ಕಿನಲ್ಲಿ ಇರುವುದಿಲ್ಲ.

ಅಸಭ್ಯ ಹಾಡು ಬಂದರೆ ಬರೆದುಕೊಳ್ಳಬೇಕಾ?

ಕುಂಡೆ ಹಬ್ಬ ನೋಡಿದವರು ಈ ಪ್ರಶ್ನೆ ಕೇಳಬಾರದು! ಮೇ ತಿಂಗಳಲ್ಲಿ ದೇವರಪುರದಲ್ಲಿ ಜೇನುಕುರುಬರು, ಯರವರು, ಬೆಟ್ಟಕುರುಬರು ವೇಷ ಹಾಕಿ, ಗಂಡಸರು ಸೀರೆ ಉಟ್ಟು, ಸೋರೆ ಬುರುಡೆ ಬಡಿಯುತ್ತಾ ಬರುತ್ತಾರೆ. ಬೇಟೆಗೆ ಕರೆದುಕೊಂಡು ಹೋದ ಅಯ್ಯಪ್ಪ ನಮ್ಮನ್ನು ಕಾಡಿನಲ್ಲೇ ಬಿಟ್ಟು ಭದ್ರಕಾಳಿಯ ಹಿಂದೆ ಹೋದ ಅಂತ ದೇವರಿಗೇ ಬಾಯಿಗೆ ಬಂದಂತೆ ಬೈಗುಳ. ದಾರಿಯಲ್ಲಿ ಸಿಕ್ಕ ಕಾರಿನವರಿಗೂ ಬೈಗುಳ, ದುಡ್ಡು ಕೊಟ್ಟರೆ ಬಿಡುಗಡೆ. ವರ್ಷದಲ್ಲಿ ಒಂದು ದಿನ ಯಾರಿಗೆ ಬೇಕಾದರೂ ಬೈಯಬಹುದು ಎನ್ನುವುದನ್ನು ಬಿಟ್ಟು ಬರೀ ಬುರುಡೆಯ ತಾಳ ಬರೆದುಕೊಂಡರೆ ಹಬ್ಬದ ಹೊಟ್ಟು ಮಾತ್ರ ಸಿಗುತ್ತದೆ. ಮರ್ಯಾದಸ್ಥ ಹೆಂಗಸರ ಮುಂದೆ ಹಾಡುವಂಥದ್ದಲ್ಲ ಅಂತ ತಾವೇ ಒಪ್ಪಿಕೊಂಡ ಒಂದು ಹಾಡನ್ನು ಹರ್ಸ್ಟನ್ 1939ರಲ್ಲಿ ಸರ್ಕಾರಿ ಯಂತ್ರದ ಮುಂದೆಯೇ ಹಾಡಿದ್ದಾರೆ. ಕೇಳಿ ನೋಡಿ.

ಕ್ಲಾನ್ ಒಳಗೆ ವೇಷ ಮರೆಸಿಕೊಂಡು ಹೋಗಿದ್ದು ನಿಜವಾ?

ಅರ್ಧ ನಿಜ, ಅರ್ಧ ಸಾಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೆನಡಿ ಜಾರ್ಜಿಯಾದ ಅಟ್ಲಾಂಟಾದಲ್ಲಿ ಜಾನ್ ಪರ್ಕಿನ್ಸ್ ಎಂಬ ಸುಳ್ಳು ಹೆಸರಿನಲ್ಲಿ ಬಿಳಿಯರ ಗುಂಪುಗಳೊಳಗೆ ಸೇರಿಕೊಂಡರು. ಸಿಕ್ಕ ಗುಟ್ಟುಗಳನ್ನು ಅಧಿಕಾರಿಗಳಿಗೆ, ಪತ್ರಕರ್ತರಿಗೆ ಕೊಟ್ಟರು. 1954ರಲ್ಲಿ ಅದನ್ನೆಲ್ಲ ಪತ್ತೇದಾರಿ ಕಥೆಯ ಹಾಗೆ ಪುಸ್ತಕ ಮಾಡಿದರು. ಎಲ್ಲದರಲ್ಲೂ ತಾವೇ ನಾಯಕ. 2006ರಲ್ಲಿ ಅವರ ಕಾಗದಪತ್ರ ತೆಗೆದು ನೋಡಿದಾಗ, ಅದರಲ್ಲಿ ಬಹಳಷ್ಟು ಇನ್ನೊಬ್ಬ ಗುಪ್ತ ಮಾಹಿತಿದಾರ ಕೊಟ್ಟ ವರದಿ ಎನ್ನುವುದು ಬಯಲಾಯಿತು. ಅವನ ಜೀವಕ್ಕೆ ಅಪಾಯ ಇತ್ತು, ಅದಕ್ಕೆ ಸೇರಿಸಿ ಬರೆದೆ ಎನ್ನುವುದು ಕೆನಡಿ ಕಡೆಯ ಸಮಜಾಯಿಷಿ.

ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಹೆಸರು ಮುಚ್ಚಿಡುವುದು ಒಂದು. ಅವನು ಮಾಡಿದ್ದನ್ನು ನಾನು ಮಾಡಿದೆ ಅನ್ನುವುದು ಇನ್ನೊಂದು. ಇಷ್ಟರ ಮೇಲೂ ಕ್ಲಾನ್‌ಗೆ ಏಟು ಬಿದ್ದದ್ದು ಸುಳ್ಳಲ್ಲ, ಕ್ಯಾಂಪಿನ ಹಾಡುಗಳೂ ಸುಳ್ಳಲ್ಲ. ದನಿ ಅಲ್ಲೇ ಇದೆ.

ಆಮೇಲೆ ಏನು ಮಾಡಿದರು?

1950ರಲ್ಲಿ ಫ್ಲಾರಿಡಾದಿಂದ ಸೆನೆಟ್ ಚುನಾವಣೆಗೆ ನಿಂತರು, ಸೋತರು. ಗೆಳೆಯ, ಜನಪದ ಹಾಡುಗಾರ ವುಡಿ ಗತ್ರಿ ಪ್ರಚಾರಕ್ಕೆ ಹಾಡು ಕಟ್ಟಿಕೊಟ್ಟಿದ್ದ. 1952ರಲ್ಲಿ ಜಿನೀವಾಕ್ಕೆ ಹೋಗಿ, ಬಲವಂತದ ದುಡಿಮೆ ಬಗ್ಗೆ ವಿಚಾರಣೆ ಮಾಡುತ್ತಿದ್ದ ವಿಶ್ವಸಂಸ್ಥೆ ಸಮಿತಿ ಮುಂದೆ ಟರ್ಪೆಂಟೈನ್ ಕ್ಯಾಂಪಿನ ಸಾಕ್ಷಿ ಹೇಳಿದರು. ವರ್ಣಭೇದದ ಕಾನೂನುಗಳ ಬಗ್ಗೆ ಬರೆದ ಪುಸ್ತಕಕ್ಕೆ ಅಮೆರಿಕದಲ್ಲಿ ಪ್ರಕಾಶಕರು ಸಿಗಲಿಲ್ಲ. ಪ್ಯಾರಿಸ್‌ನಲ್ಲಿ ಫ್ರೆಂಚ್ ಲೇಖಕ, ಚಿಂತಕ ಸಾರ್ತ್ರ್ ಅಚ್ಚು ಹಾಕಿಸಿದರು. ಜಾಕ್ಸನ್‌ವಿಲ್ ಹತ್ತಿರ ಕೆರೆ ಪಕ್ಕದ ಅವರ ಮನೆ ಈಗ ಸಾರ್ವಜನಿಕ ಉದ್ಯಾನ. ಅದಕ್ಕೆ ಅವರು ಇಟ್ಟ ಹೆಸರು ಬೆಲುತಹ್ಯಾಚಿ. ಕಪ್ಪು ಜನರ ಕಥೆಗಳಲ್ಲಿ, ಎಲ್ಲ ತಪ್ಪೂ ಮರೆತು ಕ್ಷಮಿಸುವ ಒಂದು ಊರಂತೆ ಅದು.

ಹಾಡು, ಕಥೆಯನ್ನು ಸರ್ಕಾರಿ ಕಚೇರಿಯಲ್ಲಿ ಸಾಕ್ಷಿ ಅಂತ ಒಪ್ಪುತ್ತಾರಾ?

ಹಾಡನ್ನು ಹಾಗೇ ಒಯ್ದು ಕೊಟ್ಟರೆ ನಗುತ್ತಾರೆ. ಆದರೆ ಹಾಡಿನೊಳಗೆ ಇರುವುದು ಉಪಯೋಗಕ್ಕೆ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಗೊತ್ತಲ್ವಾ? 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ಬದುಕಿದ ಆದಿವಾಸಿಗಳು ಗ್ರಾಮಸಭೆಯಲ್ಲಿ ಅರ್ಜಿ ಹಾಕಬಹುದು. ಕಾಗದಪತ್ರವೇ ಬೇಕು ಅಂತ ಹಟ ಹಿಡಿಯುವ ಹಾಗಿಲ್ಲ. ನಿಯಮ 13ರಲ್ಲಿ ಹೇಳಿರುವ ಸಾಕ್ಷಿಗಳ ಪಟ್ಟಿ ನೋಡಿ: ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕೆ ಇಳಿಸಿದ್ದು ನಡೆಯುತ್ತದೆ. ದೇವರ ಮರ, ದೇವರಕಾಡು, ಹಳೆಯ ಕೆರೆ, ಸುಡುಗಾಡು ನಡೆಯುತ್ತದೆ. ಒಂದೇ ಸಾಲದು, ಒಂದಕ್ಕಿಂತ ಹೆಚ್ಚು ಬೇಕು, ಅಷ್ಟೆ. ಅರ್ಜಿಯ ಪರಿಶೀಲನೆ ಮುಗಿಯುವ ತನಕ ಅವರನ್ನು ಎಬ್ಬಿಸುವಂತಿಲ್ಲ ಎಂದು 4ನೇ ಸೆಕ್ಷನ್ ಹೇಳುತ್ತದೆ.

ಈಗ ಯೋಚನೆ ಮಾಡಿ. ನಾಗರಹೊಳೆ ಕಡೆಯ ಒಬ್ಬ ಜೇನುಕುರುಬ ಅಜ್ಜ ದೇವರ ಹಾಡು ಹಾಡುತ್ತಾರೆ. ಯಾವ ಹೊಳೆ ದಾಟಿ, ಯಾವ ಮರದ ಕೆಳಗೆ ಯಾವ ದೈವ ಅಂತ ಬರುತ್ತದೆ. ನಾವು ರಾಗ ಚೆನ್ನಾಗಿದೆ ಅಂತ ತಲೆದೂಗುತ್ತೇವೆ. ಆ ಜಾಗಗಳಿಗೆ ಅಜ್ಜನ ಜತೆ ನಡೆದು ಹೋಗಿ ಗುರುತು ಹಾಕಿಕೊಂಡರೆ ಅದೇ ಹಾಡು ಗ್ರಾಮಸಭೆಗೆ ದಾರಿ ತೋರಿಸುತ್ತದೆ. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ ಮರಳಿ ಹೋಗಿ ಗುಡಿಸಲು ಹಾಕಿದಾಗ ಅವರು ತೋರಿಸಿದ್ದೂ ಇದನ್ನೇ: ಹಿರಿಯರ ಜಾಗ, ದೈವದ ಜಾಗ.

ರೆಕಾರ್ಡ್ ಮಾಡಿದ ಹಾಡು ಯಾರದ್ದು?

ಹಾಡು ಕಟ್ಟಿದವರು ಯಾರೆಂದು ಗೊತ್ತಿಲ್ಲದ ಜನಪದ ಹಾಡಿಗೆ ಹಕ್ಕುಸ್ವಾಮ್ಯ ಹೇಳುವುದು ಕಷ್ಟ. ಆದರೆ ಹಾಡಿದವರ ಹಾಡುಗಾರಿಕೆಗೆ ಹಕ್ಕಿದೆ. 1957ರ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಪ್ರದರ್ಶನ ಕೊಟ್ಟವರಿಗೆ 50 ವರ್ಷ ಹಕ್ಕು. ಅಂದರೆ ಮೊಬೈಲ್ ನಿಮ್ಮದಾದರೂ ಅಜ್ಜಿಯ ಒಪ್ಪಿಗೆ ಕೇಳದೆ ಅವರ ದನಿಯನ್ನು ನೀವು ಯೂಟ್ಯೂಬ್‌ಗೆ ಹಾಕುವ ಹಾಗಿಲ್ಲ. ನಾವು ಈಗ ಮಾಡುವುದು ಇಷ್ಟು. ದಿನದ ಕೂಲಿ ಕಳೆದು ಕೂತವರಿಗೆ ಆ ಕೂಲಿ ಕೊಡುತ್ತೇವೆ. ರೆಕಾರ್ಡ್ ಆದದ್ದನ್ನು ಅಲ್ಲೇ ಕೇಳಿಸುತ್ತೇವೆ. ಪ್ರತಿಯನ್ನು ಮನೆಯ ಯಾರದಾದರೂ ಮೊಬೈಲ್‌ಗೆ ಹಾಕಿ ಬರುತ್ತೇವೆ. ತೋಟದ ಹೆಸರು ಎಲ್ಲೂ ಬರೆಯುವುದಿಲ್ಲ.

ಆ ಅಜ್ಜಿಯ ಹಾಡು ನಮಗೂ ಕೇಳಿಸ್ತೀರಾ?

ಇಲ್ಲ. ಕೆನಡಿ ಕಥೆ ಓದಿದ ಮೇಲೆ ನಾನು ಮತ್ತೆ ಅಲ್ಲಿಗೆ ಹೋದೆ. ಬೈಕ್ ಬಂದಾಗ ಹಾಡಿದ್ದನ್ನು ಕೇಳಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಕೇಳಿ, ಅದಕ್ಕೆ ಮುಂಚಿನ ಮಾತು ಇದರಲ್ಲಿ ಇದೆಯಾ ಅಂದರು. ಇದೆ ಅಂದೆ. ಅಳಿಸಿ ಅಂದರು. ಮಾತು ಮಾತ್ರ ಅಳಿಸಿ ಹಾಡು ಇಟ್ಟುಕೊಳ್ಳಲಾ ಅಂತ ಆಸೆಯಿಂದ ಕೇಳಿದೆ. ಅವರು ಏನೂ ಹೇಳಲಿಲ್ಲ. ಎಲ್ಲವನ್ನೂ ಅವರೆದುರೇ ಅಳಿಸಿದೆ. ಆಶ್ರಮ ಶಾಲೆಯಲ್ಲಿ ಓದುವ ಮೊಮ್ಮಗಳು ಪಕ್ಕದಲ್ಲೇ ಇದ್ದಳು. "ಅಣ್ಣ, ಕಸದ ಬುಟ್ಟಿಯಲ್ಲಿ ಇನ್ನೂ 30 ದಿನ ಇರುತ್ತೆ" ಅಂದಳು. ಮೊಬೈಲ್ ನನ್ನ ಕೈಯಿಂದ ತೆಗೆದುಕೊಂಡು, ಅಲ್ಲಿಂದಲೂ ಅವಳೇ ತೆಗೆದುಹಾಕಿದಳು.